ಶಿವಬಸವ್ವ ಹೂ ಕೇಳಿದ್ದು

ಹುಬ್ಬಳ್ಳಿಯ ದೇಶಪಾಂಡೆ ನಗರದ ಹಿಂದಿನ ಓಣಿಯಲ್ಲಿ ಮಹಾಂತಯ್ಯನವರದೊಂದು ಖಾನಾವಳಿ ಇತ್ತು. ಅಲ್ಲಿ ಉಂಡವರೆಲ್ಲ ಕೈ ತೊಳೆದು, ಹೊಟ್ಟೆ ಸವರಿಕೊಳ್ಳುತ್ತ ಹೇಳುತ್ತಿದ್ದ ಮಾತು ಒಂದೇ: “ರೊಟ್ಟಿ ಅಂದ್ರ ಅಯ್ಯಾರ ರೊಟ್ಟಿ ನೋಡ್ರಿ.” ನಿಜ ಹೇಳಬೇಕೆಂದರೆ ಅಯ್ಯನವರು ಹುಟ್ಟಿದಾಗಿನಿಂದ ಒಂದೇ ಒಂದು ರೊಟ್ಟಿ ಬಡಿದವರಲ್ಲ. ಕೈಗೆ ಹಿಟ್ಟು ಹತ್ತಿದರೆ ಅವರ ಮೈ ಜುಮ್ಮೆನ್ನುತ್ತಿತ್ತು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗಲ್ಲಾದ ಹಿಂದೆ ಕುಳಿತು “ಬರ್ರಿ, ಕೂಡ್ರಿ, ಬಿಸೀವು ಅದಾವು” ಎನ್ನುವುದಷ್ಟೇ ಅವರ ಕಾಯಕ. ಒಳಗೆ ಪರದೆಯ ಹಿಂದೆ, ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಆ ರೊಟ್ಟಿ ಬಡಿಯುತ್ತಿದ್ದವಳು ಊರಂಚಿನ ಬೆಂಗೇರಿಯ ಶಿವಬಸವ್ವ.

ಶಿವಬಸವ್ವ ಅಣ್ಣಿಗೇರಿ ಕಡೆಯ ಒಕ್ಕಲು ಮನೆಯ ಹುಡುಗಿ. ರೊಟ್ಟಿ ಬಡಿಯುವುದನ್ನು ಆಕೆಗೆ ಯಾರೂ ಕಲಿಸಲಿಲ್ಲ. ನಡೆಯುವುದನ್ನು ಕಲಿತ ಹಾಗೆ ಕಲಿತಳು. ಬೆಂಗೇರಿಯ ಗುರುಶಿದ್ದಪ್ಪನನ್ನು ಮದುವೆಯಾಗಿ ಬಂದಳು. ಅವನು ಅರಳೆ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ ಗಟ್ಟಿ ಆಳು. ಒಂದು ದಿನ ಹತ್ತಿ ಹೇರಿದ ಚಕ್ಕಡಿಯ ಮೇಲಿಂದ ಉರುಳಿ ಬಿದ್ದು ಸೊಂಟ ಮುರಿದುಕೊಂಡ. ಅಂದಿನಿಂದ ಅವನು ಭಾರ ಎತ್ತುವುದನ್ನು ಬಿಟ್ಟು, ಮನೆಯ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರಿಗೆಲ್ಲ ಬುದ್ಧಿ ಹೇಳುವುದನ್ನು ಹಿಡಿದ. ಆ ಕೆಲಸಕ್ಕೆ ಪಗಾರವಿಲ್ಲ. ಮನೆಯಲ್ಲಿ ಒಲೆ ತಣ್ಣಗಾಗಿದ್ದ ಆ ದಿನಗಳಲ್ಲಿ ಶಿವಬಸವ್ವನನ್ನು ಕರೆದು ಕೆಲಸ ಕೊಟ್ಟವರು ಮಹಾಂತಯ್ಯ. ಗುರುಶಿದ್ದಪ್ಪನ ಸೊಂಟಕ್ಕೆ ಪಟ್ಟಿ ಕಟ್ಟಿದ ವೈದ್ಯನ ಫೀ ಕೊಟ್ಟವರೂ ಅವರೇ. ಕೆಟ್ಟ ಯಜಮಾನನನ್ನು ಬಿಟ್ಟು ಬರುವುದು ಸುಲಭ, ಸೆರಗು ಕೊಡವಿ ಎದ್ದು ಬಂದರಾಯಿತು. ಒಳ್ಳೆಯವನು ಗಂಟು ಬಿದ್ದನೆಂದರೆ ಮಾತ್ರ ಬಿಡುಗಡೆಯೇ ಇಲ್ಲ.

ಶಿವಬಸವ್ವನಿಗೆ ಈ ತೊಡಕು ಶುರುವಾದದ್ದು ‘ಅಯ್ಯಾರ ರೊಟ್ಟಿ’ ಎಂಬ ಮಾತಿನಿಂದ. ಹೊಗಳಿಕೆ ಪರದೆಯ ಆಚೆ ಹುಟ್ಟಿ, ಗಲ್ಲಾದ ಹತ್ತಿರವೇ ಇಳಿದುಬಿಡುತ್ತಿತ್ತು. ಒಳಗೆ ಬರುತ್ತಲೇ ಇರಲಿಲ್ಲ. ಮೊದಮೊದಲು ಆಕೆಗೆ ನಗು ಬರುತ್ತಿತ್ತು. ಆಮೇಲಾಮೇಲೆ ಹೊಟ್ಟೆ ಉರಿಯತೊಡಗಿತು. ಬೆಂಗೇರಿಯಲ್ಲಿ ತನ್ನ ಮನೆಯ ಪಡಸಾಲೆಯಲ್ಲೇ ನಾಲ್ಕು ಮಣೆ ಹಾಕಿ, ತನ್ನದೇ ಒಂದು ಖಾನಾವಳಿ ಇಡಬೇಕು, ಉಂಡವರು ‘ಶಿವಬಸವ್ವನ ರೊಟ್ಟಿ’ ಅನ್ನಬೇಕು. ಆಕೆಗೆ ಬೇಕಾದದ್ದು ಇಷ್ಟೇ. ಗಂಡನನ್ನು ಕೇಳಿದರೆ ಬೆಳಿಗ್ಗೆ “ಮಾಡೇ ಬಿಡು, ಯಾರಪ್ಪಂದೇನೈತಿ” ಅನ್ನುತ್ತಿದ್ದ. ಸಂಜೆ ಅದೇ ಬಾಯಿಂದ “ಬ್ಯಾಡ ಬಿಡು, ಅಯ್ಯಾರಿಗೆ ಯಾವ ಮಾರಿ ತೋರಸೂದು” ಅನ್ನುತ್ತಿದ್ದ. ಅವನ ಸೊಂಟದ ಹಾಗೆ ಅವನ ಅಭಿಪ್ರಾಯವೂ ಹೊತ್ತಿಗೊಂದು ಕಡೆ ವಾಲುತ್ತಿತ್ತು.

ಹುಬ್ಬಳ್ಳಿ ಧಾರವಾಡ ಎರಡನ್ನೂ ಕೂಡಿಸಿ ಒಂದೇ ಕಾರ್ಪೋರೇಶನ್ ಮಾಡಿದ ವರ್ಷ ಅದು. ಊರಿಗೆ ಊರೇ ಕೂಡುವ ಮಾತಾಡುತ್ತಿದ್ದಾಗ ಶಿವಬಸವ್ವ ಬೇರೆಯಾಗುವ ಮಾತು ಎತ್ತಬೇಕಾಗಿತ್ತು. ಎತ್ತಲು ಹೋದಾಗಲೆಲ್ಲ ಮಹಾಂತಯ್ಯನವರಿಗೆ ಅದು ಹೇಗೋ ವಾಸನೆ ಹತ್ತುತ್ತಿತ್ತು. “ಅಯ್ಯಾರ, ಒಂದ ಮಾತು…” ಅಂದರೆ ಸಾಕು, “ಏ ತಂಗಿ, ನೀ ಇಲ್ಲಂದ್ರ ನಾ ಇಲ್ಲ” ಎಂದು ಕಣ್ಣು ಒದ್ದೆ ಮಾಡಿಕೊಂಡು ಒಂದು ಇಳಕಲ್ ಸೀರೆ ಕೈಗಿಡುತ್ತಿದ್ದರು. ಹೀಗೆ ಬಿಟ್ಟುಬರುವ ಮಾತು ಆಡಲು ಹೋಗಿ ಹೋಗಿ ಆಕೆಯ ಟ್ರಂಕಿನಲ್ಲಿ ಸೀರೆ ಹಿಡಿಸದಂತಾದವು.

ಕೊನೆಗೊಂದು ದಿನ ಆಕೆ ಸುತ್ತು ಬಳಸಿ ಹೇಳಿದಳು: “ನಮ್ಮ ಬೆಂಗೇರ್ಯಾಗೂ ಒಂದು ಖಾನಾವಳಿ ಇದ್ರ ಛಲೋ ಇತ್ತು ನೋಡ್ರಿ, ಅಯ್ಯಾರ.”

“ಯಾರು ಇಡಬೇಕಲ್ಲಿ?”

“ಯಾರರ ಇಡಬೇಕ್ರಿ. ರೊಟ್ಟಿ ಬಡಿಯಾಕ ಬರ್ತಿರಬೇಕು, ಅಷ್ಟ.”

ಮಹಾಂತಯ್ಯನವರಿಗೆ ಅರ್ಥವಾಯಿತು. ಅವರ ಮುಖ ಇಷ್ಟಗಲ ಇದ್ದದ್ದು ಇಷ್ಟಾಯಿತು. ಈ ಸಲ ಸೀರೆಗೆ ಬಗ್ಗುವ ಗಿರಾಕಿಯಲ್ಲ ಎಂದು ತಿಳಿದು ಅಂದರು: “ನೀನೂ ಹೇಳಬ್ಯಾಡ, ನಾನೂ ಹೇಳಂಗಿಲ್ಲ. ನಿಮ್ಮ ಬೆಂಗೇರಿ ವೀರಭದ್ರಗ ಹೂ ಕೇಳೂಣು. ಅವ ಹೋಗಂದ್ರ ಹೋಗು, ಇರಂದ್ರ ಇರು.”

ಹೂ ಕೇಳುವುದು ನಮ್ಮ ಕಡೆ ದೊಡ್ಡ ಕೋರ್ಟು. ಮಗಳನ್ನು ಕೊಡಬೇಕೋ ಬೇಡವೋ, ಬಾವಿ ತೋಡಬೇಕೋ ಬೇಡವೋ, ಎಲ್ಲಕ್ಕೂ ಕಡೆಯ ತೀರ್ಪು ಅಲ್ಲಿಯೇ. ಪೂಜಾರಿ ದೇವರ ಎರಡೂ ಹೆಗಲಿಗೆ ನೀರು ಸವರಿ ಒಂದೊಂದು ಹೂ ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲಿರುವುದನ್ನು ಹೇಳಿಕೊಂಡು ಕೂಡುತ್ತಾರೆ. ದೇವರ ಬಲಹೆಗಲಿನ ಹೂ ಮೊದಲು ಬಿದ್ದರೆ ಹೌದು, ಎಡಹೆಗಲಿನದು ಬಿದ್ದರೆ ಅಲ್ಲ. ಬೀಳುವ ತನಕ ಕೇಳಿದವರು ಗುಡಿ ಬಿಟ್ಟು ಕದಲುವ ಹಾಗಿಲ್ಲ.

‘ಬಿಟ್ಟು ಹೋಗಲೇನು’ ಎಂದು ಕೇಳುವುದೆಂದಾಯಿತು. ಶಿವಬಸವ್ವ ಕೂಡಲೇ ಒಪ್ಪಿದಳು. ಆಕೆಗೆ ಬೇಕಾದದ್ದೂ ಅದೇ ಆಗಿತ್ತು. ಉಪಕಾರ ಮಾಡಿದವರನ್ನು ಬಿಟ್ಟು ಬಂದಳು ಎಂಬ ಮಾತು ತನ್ನ ತಲೆಗೆ ಬರಬಾರದು. ಬಂದರೆ ವೀರಭದ್ರನ ತಲೆಗೆ ಬರಲಿ. ಅವನ ತಲೆ ದೊಡ್ಡದು, ತಡೆದುಕೊಳ್ಳುತ್ತಾನೆ. ಆದರೆ ಇಂಥ ವಿಷಯವನ್ನು ಪೂರ್ತಿ ದೇವರ ಮೇಲೆ ಬಿಟ್ಟು ಕೂಡುವಷ್ಟು ಸಾದಾ ಹೆಂಗಸು ಆಕೆಯಲ್ಲ. ಶನಿವಾರ ಸಂಜೆ ಶೇಂಗಾ ಹೋಳಿಗೆ ಮಾಡಿ, ಸೆರಗಿನಲ್ಲಿ ಮುಚ್ಚಿಕೊಂಡು, ಗುಡಿಯ ಮಗ್ಗುಲಲ್ಲೇ ಇದ್ದ ಪೂಜಾರಿ ಶಾಂತಯ್ಯನ ಮನೆಗೆ ಹಿತ್ತಲ ಬಾಗಿಲಿನಿಂದ ಹೋದಳು. ಪೂಜಾರಿಯ ಹೆಂಡತಿ ಬಾಳವ್ವ ಆಕೆಯ ಗೆಳತಿ.

“ಬಾಳವ್ವ, ನಾಳಿಗೆ ಎಡಗಡೆ ಹೂವಿಗೆ ಬರೇ ನೀರು ಹಚ್ಚಬ್ಯಾಡಂತ ನಿಮ್ಮವ್ರಿಗೆ ಹೇಳವಾ. ಒಂದೀಟ ಗಂಧ ದಪ್ಪಗ ತೇದು ಹಚ್ಚಲಿ. ಬ್ಯಾಸಗಿ, ದೇವ್ರಿಗೂ ತಂಪಾಕ್ಕೈತಿ.”

ಬಾಳವ್ವ ಹೋಳಿಗೆಯ ವಾಸನೆ ನೋಡಿ, “ತಂಪ ಮಾಡಸ್ತೇನಿ ತಗೋ” ಎಂದು ನಕ್ಕಳು.

ಭಾನುವಾರ ಬೆಳಿಗ್ಗೆ ಮಹಾಂತಯ್ಯನವರು ಯಾಕೂಬಸಾಬನ ಟಾಂಗಾದಲ್ಲಿ ಬಂದಿಳಿದರು. ಟಾಂಗಾದಲ್ಲಿ ಗಿರಣಿಯಿಂದ ಬೀಸಿಸಿಕೊಂಡು ಬಂದ ಜೋಳದ ಹಿಟ್ಟಿನ ಚೀಲ, ಕೆಂಪು ಖಾರದ ಹಿಂಡಿಯ ಡಬ್ಬಿ, ಒಂದು ಬುಟ್ಟಿ ಉಳ್ಳಾಗಡ್ಡಿ. “ಹೂ ಬಿತ್ತಂದ್ರ ಸೀದಾ ಖಾನಾವಳಿಗೆ ಹೋಗೂಣು, ತಂಗಿ. ಐತವಾರ, ಗಿರಾಕಿ ಲಗೂನ ಬರ್ತಾರ” ಅಂದರು. ಹೂ ಬಲಕ್ಕೂ ಬೀಳಬಹುದು ಎಂಬ ಅನುಮಾನ ಆ ಮನುಷ್ಯನ ಮುಖದ ಮೇಲೆ ಎಳ್ಳಷ್ಟೂ ಇರಲಿಲ್ಲ. ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಶಿವಬಸವ್ವನಿಗೆ ಆಗಲೇ ಸಂಶಯ ಬರಬೇಕಾಗಿತ್ತು. ತನ್ನ ಜಾಣತನದ ಖುಷಿಯಲ್ಲಿ ಆಕೆಗೆ ಅದು ಹೊಳೆಯಲಿಲ್ಲ.

ಶಾಂತಯ್ಯ ಮಂಗಳಾರತಿ ಮಾಡಿದ, ಹೂ ಏರಿಸಿದ, ಪಕ್ಕಕ್ಕೆ ಸರಿದು ನಿಂತ. ಎಲ್ಲರೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕುಳಿತರು. ಹೂ ಬೀಳಲಿಲ್ಲ. ಬಿಸಿಲು ಹೊಸ್ತಿಲಿಗೆ ಬಂತು, ಹೊಸ್ತಿಲು ದಾಟಿ ಒಳಗೆ ಬಂತು. ಹೂ ಬೀಳಲಿಲ್ಲ. ಶಾಂತಯ್ಯ ಇನ್ನೊಮ್ಮೆ ಆರತಿ ಎತ್ತಿದ, ಗಂಟೆ ಬಾರಿಸಿದ. ಎರಡೂ ಹೂ ಮಿಸುಕಾಡಲಿಲ್ಲ.

“ದೇವ್ರೂ ಕಾರ್ಪೋರೇಶನ್‌ದವ್ರ ಗತೆ ವಿಚಾರ ಮಾಡಾಕತ್ತಾನು” ಎಂದ ಗುರುಶಿದ್ದಪ್ಪ, ಕಂಬಕ್ಕೆ ಬೆನ್ನು ಕೊಟ್ಟುಕೊಂಡು.

ಶಾಂತಯ್ಯನ ಮೈಯೆಲ್ಲ ಬೆವರು. ಶಿವಬಸವ್ವ ಎಡಹೆಗಲನ್ನು ನೋಡಿದಳು. ಹೇಳಿದ ಹಾಗೆ ಗಂಧ ದಪ್ಪಗೆ ಇತ್ತು. ಬಲಹೆಗಲನ್ನು ನೋಡಿದಳು, ಅಲ್ಲಿ ಇನ್ನೂ ದಪ್ಪಗೆ ಇತ್ತು. ಅಷ್ಟರಲ್ಲಿ ಬಾಳವ್ವ ಹಿಂದಿನಿಂದ ಬಂದು ಕಿವಿಯಲ್ಲಿ ಪಿಸುಗುಟ್ಟಿದಳು: “ನಿನ್ನಿ ನೀ ಹೋದ ಮ್ಯಾಲ ನಿಮ್ಮ ಅಯ್ಯಾರೂ ಬಂದಿದ್ರವಾ, ತೆಂಗಿನಕಾಯಿ ತಗೊಂಡು. ಬಲಗಡೆ ಗಂಧ ಹಚ್ಚಂತ ಹೇಳಿ ಹ್ವಾದ್ರು. ಇಬ್ಬರ ಮಾತೂ ಮುರಿಯಾಕಾಗ್ದ ನಮ್ಮವ್ರು ಎರಡೂ ಕಡೆ ಮೆತ್ತಿ ಬಿಟ್ಟಾರ.”

ಶಿವಬಸವ್ವ ಮಹಾಂತಯ್ಯನವರ ಕಡೆ ತಿರುಗಿದಳು. ಅವರು ಎಡಹೆಗಲನ್ನೇ ನೋಡುತ್ತಿದ್ದರು. ಆಮೇಲೆ ನಿಧಾನಕ್ಕೆ ಆಕೆಯನ್ನು ನೋಡಿದರು. ಇಬ್ಬರಿಗೂ ಎಲ್ಲವೂ ತಿಳಿಯಿತು. ಬಾಯಿ ಬಿಡುವ ಹಾಗೆ ಮಾತ್ರ ಇಬ್ಬರೂ ಇರಲಿಲ್ಲ. ‘ಪೂಜಾರಿ ಬಲಕ್ಕೆ ಗಂಧ ಹಚ್ಚಿದ್ದಾನೆ’ ಎಂದು ಈಕೆ ಕೂಗಿದರೆ, ‘ಎಡಕ್ಕೆ ಹಚ್ಚಿಸಿದವರು ಯಾರು’ ಎಂಬ ಮಾತು ಬರುತ್ತದೆ. ಮಹಾಂತಯ್ಯನವರು ಕೆಮ್ಮಿ, “ಶಿವನ ಚಿತ್ತ” ಎಂದರು. “ಹೌದ್ರಿ” ಎಂದಳು ಶಿವಬಸವ್ವ.

ಮಧ್ಯಾಹ್ನವಾಯಿತು. ಹೊಟ್ಟೆಗಳು ತಾಳ ಹಾಕತೊಡಗಿದವು. ಆಗ ಗುಡಿಯ ಅಂಗಳಕ್ಕೆ ಸೈಕಲ್ಲುಗಳ ಒಂದು ದಂಡೇ ಬಂದು ನಿಂತಿತು. ಎಲ್ಲರೂ ಖಾನಾವಳಿಯ ತಿಂಗಳೂಟದವರು. ಅವರ ಮುಂದಾಳು ರೇಲ್ವೆ ವರ್ಕ್‌ಶಾಪಿನ ಫಿಟ್ಟರ್ ಮಹಾದೇವಪ್ಪ.

“ಏನ್ರೀ ಅಯ್ಯಾರ ಇದು! ಖಾನಾವಳ್ಯಾಗ ನಿಮ್ಮನಿಯವ್ರು ರೊಟ್ಟಿ ಬಡಿಯಾಕತ್ತಾರ. ಒಂದೊಂದು ತಿಂದ್ವಿ. ಇನ್ನೊಂದು ತಿನ್ನೂ ಧೈರ್ಯ ನಮಗಿಲ್ರಿ.”

“ಹೂ ಬಿದ್ದಿಲ್ಲಪಾ. ಗುಡಿ ಬಿಟ್ಟು ಹೋಗೂಹಂಗಿಲ್ಲ” ಎಂದರು ಮಹಾಂತಯ್ಯ ಬಾಡಿದ ದನಿಯಲ್ಲಿ.

ಹಸಿದ ಗಂಡಸರು ಅಂಗಳದ ತುಂಬ ಕುಕ್ಕರುಗಾಲಲ್ಲಿ ಕುಳಿತರು. ಅವರನ್ನು ನೋಡುತ್ತ ನೋಡುತ್ತ ಶಿವಬಸವ್ವನಿಗೆ ಒಂದು ತೆರನ ಕಳವಳವಾಯಿತು. ಊಟದ ಹೊತ್ತಿನಲ್ಲಿ ಸುಮ್ಮನೆ ಕೂಡುವುದು ಆಕೆಯ ಕೈಗೆ ರೂಢಿಯೇ ಇರಲಿಲ್ಲ. ಬೇವಿನ ನೆರಳಿನಲ್ಲಿ ಟಾಂಗಾ ನಿಂತಿತ್ತು, ಅದರಲ್ಲಿ ಹಿಟ್ಟು ಇತ್ತು.

“ಪೂಜಾರ್ರ, ಅಂಗಳಾನೂ ಗುಡ್ಯಾಗ ಬಂತೇನ್ರಿ?”

“ಬಂತವಾ. ಕಂಪೌಂಡ್ ಒಳಗಿಂದೆಲ್ಲಾ ದೇವ್ರದ” ಎಂದ ಶಾಂತಯ್ಯ. ತನ್ನ ಮೇಲಿನ ಕಣ್ಣುಗಳು ಬೇರೆ ಕಡೆ ಹೋದರೆ ಸಾಕಾಗಿತ್ತು ಅವನಿಗೆ.

“ಬಾಳವ್ವ, ನಿನ್ನ ಹಂಚು ಕೊಡ. ಪರಾತನೂ ತಾ. ಯಾಕೂಬಸಾಬ, ಆ ಚೀಲ ಇಳಸು.”

“ಹಿಟ್ಟು ನಂದು…” ಎಂದು ಮಹಾಂತಯ್ಯನವರು ಅರ್ಧ ಎದ್ದರು. ಅವರ ಹೊಟ್ಟೆಯೇ ಗುರ್ ಎಂದು ಅವರ ಮಾತಿಗೆ ಅಡ್ಡ ಬಂತು. ಕುಳಿತುಬಿಟ್ಟರು.

ಮೂರು ಕಲ್ಲು ಹೂಡಿ ಒಲೆ ಹೊತ್ತಿತು. ಶಿವಬಸವ್ವ ಸೆರಗು ಸಿಗಿಸಿ, ಎಸರು ಹಾಕಿ, ಹಿಟ್ಟು ನಾದಿ ಬಡಿಯಲು ಕುಳಿತಳು. ಅಂಗಳದ ತುಂಬ ಪಟಪಟ ಸದ್ದು. ರೊಟ್ಟಿ ಆಕೆಯ ಅಂಗೈ ಕೆಳಗೆ ತಿರುಗುತ್ತ ಹರಡಿಕೊಂಡಿತು, ಹಂಚಿಗೆ ಬಿತ್ತು, ಉಬ್ಬಿ ಬಂತು. ಇಷ್ಟು ವರ್ಷ ತಿಂದವರು ಅದು ಆಗುವುದನ್ನು ಕಣ್ಣಾರೆ ಕಂಡದ್ದು ಅಂದೇ ಮೊದಲು. ಮಹಾದೇವಪ್ಪ ಮೊದಲ ರೊಟ್ಟಿಗೆ ಹಿಂಡಿ ಹಚ್ಚಿ ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ ಕೇಳಿದ: “ಅಲ್ಲವಾ, ಇಷ್ಟ ದಿವ್ಸ ನಾವು ತಿಂದದ್ದು ನಿನ್ನ ರೊಟ್ಟಿ ಏನು?”

“ಹೂನ್ರಿ” ಎಂದಳು ಶಿವಬಸವ್ವ. ಹೊಗೆ ಎಂದು ಹೇಳಿ ಕಣ್ಣು ಒರೆಸಿಕೊಂಡಳು. ಹೊಗೆ ಅತ್ತ ಕಡೆ ಹೋಗುತ್ತಿತ್ತು.

“ಶಿವಬಸವ್ವಾ, ನನಗಿನ್ನೊಂದು!” “ಶಿವಬಸಕ್ಕಾ, ಇತ್ತಾಗ!” ಎಂದು ಎಲ್ಲ ಕಡೆಯಿಂದ ಕರೆ ಬರತೊಡಗಿತು. ಗುರುಶಿದ್ದಪ್ಪ ಸೊಂಟದ ನೋವು ಮರೆತು ಉಳ್ಳಾಗಡ್ಡಿ ಜಜ್ಜಿ ಜಜ್ಜಿ ಹಂಚಿದ. ಉಂಡವರು ಕೈ ತೊಳೆದರು, ವೀರಭದ್ರನಿಗೆ ಕೈ ಮುಗಿದರು, ಬೇವಿನ ನೆರಳಿಗೆ ಹೋಗಿ ಕಾಲು ಚಾಚಿದರು. ಗುಡಿಯಲ್ಲಿ ಉಂಡದ್ದು, ದಾಸೋಹ ಎಂದುಕೊಂಡಿರಬೇಕು; ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಶಿವಬಸವ್ವನೂ ಎತ್ತಲಿಲ್ಲ. ರೊಟ್ಟಿ ಬಡಿಯುವುದಕ್ಕೆ ಬೇಕಾದ ಧೈರ್ಯ ಆಕೆಗೆ ಬೇಕಾದಷ್ಟಿತ್ತು, ಕೈ ಚಾಚುವುದಕ್ಕೆ ಬೇಕಾದದ್ದು ಇರಲಿಲ್ಲ. ಆ ಕೆಲಸ ಯಾವಾಗಲೂ ಪರದೆಯ ಆಚೆ ಬೇರೆಯವರು ಮಾಡಿದ್ದು.

ಆ ಹೊತ್ತಿಗೆ ಗುಡಿಯೊಳಗಿಂದ ಶಾಂತಯ್ಯ ಕೂಗಿದ: “ಬಿತ್ತು! ಹೂ ಬಿತ್ತು!”

ಶಿವಬಸವ್ವ ಎದ್ದು ಓಡಬೇಕೆಂದು ಮೊಣಕಾಲೂರಿದಳು. ಆದರೆ ಹಂಚಿನ ಮೇಲೆ ರೊಟ್ಟಿ ಇತ್ತು, ಇನ್ನೇನು ಉಬ್ಬಬೇಕು.

“ಏ, ಹೂ ಬಿತ್ತಂತ, ನಡೀ!” ಎಂದ ಗುರುಶಿದ್ದಪ್ಪ.

“ಬಿದ್ದದ್ದು ಎಲ್ಲೆ ಹೊಕ್ಕೈತ್ರಿ? ರೊಟ್ಟಿ ಹೊತ್ತತೈತಿ” ಎಂದು ಆಕೆ ಮತ್ತೆ ಕುಳಿತಳು. ಹೇಳಿದ ಮೇಲೆ ತನಗೇ ಆಶ್ಚರ್ಯವಾಯಿತು.

ಮಹಾಂತಯ್ಯನವರು ಮಾತ್ರ ಒಳಗೆ ಹೋದರು. ಹೋದವರು ದೇವರ ಮುಂದೆ ಬೆನ್ನು ತೋರಿಸಿಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಬಗ್ಗಿ ಹೂ ಎತ್ತಿ, ಕಣ್ಣಿಗೊತ್ತಿಕೊಂಡು, ಬಾಗಿಲಿಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಬಲಕ್ಕ ಬಿತ್ತವಾ, ಶಿವಬಸವ್ವ. ದೇವ್ರು ಹೌದಂದ.”

ಅವರು ಹೊಸ್ತಿಲಿನಿಂದ ಸರಿದಾಗ ಶಿವಬಸವ್ವನಿಗೆ ಒಳಗಿನದು ಕಂಡಿತು. ವೀರಭದ್ರನ ಬಲಹೆಗಲಲ್ಲಿ ಹೂ ಗಟ್ಟಿಯಾಗಿ ಹಾಗೇ ಕುಳಿತಿತ್ತು. ಎಡಹೆಗಲು ಖಾಲಿ. ಶಾಂತಯ್ಯ ಬಾಯಿ ತೆರೆದುಕೊಂಡು ಅಯ್ಯನವರ ಬೆನ್ನನ್ನೇ ನೋಡುತ್ತಿದ್ದ.

“ಪೂಜಾರ್ರ, ಪರದಿ ಎಳೀರಿ. ದೇವ್ರಿಗೂ ಊಟದ ಹೊತ್ತಾತು” ಎಂದರು ಮಹಾಂತಯ್ಯ, ಹಿಂತಿರುಗಿ ನೋಡದೆ. ಪರದೆ ಎಳೆದದ್ದಾಯಿತು.

ಜನ ಶಿವಬಸವ್ವನಿಗೆ “ಛಲೋ ಆತವಾ” ಎಂದರು. ಬಾಳವ್ವ ಆಕೆಯ ಭುಜ ಹಿಂಡಿದಳು. ಶಿವಬಸವ್ವ ಅಯ್ಯನವರ ಕಡೆ ನೋಡಿದಳು. ಗೆದ್ದ ಮನುಷ್ಯ ಗೆದ್ದದ್ದನ್ನು ಮುಚ್ಚಿಟ್ಟು ಬಂದು, ಬಿಸಿಲಲ್ಲಿ, ಉಳಿದವರ ಸಾಲಿನಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಆಕೆಗೆ ಅಳು ಬಂತು, ಅದರ ಜೊತೆಗೇ ಸಿಟ್ಟೂ ಬಂತು: ಈ ಮನುಷ್ಯ ಇದೊಂದು ಉಪಕಾರವನ್ನೂ ತಲೆಯ ಮೇಲೆ ಹೇರಿಬಿಟ್ಟನಲ್ಲ! ಹಂಚಿನಿಂದ ಆಗಷ್ಟೇ ಇಳಿದ ರೊಟ್ಟಿಯನ್ನು ತಂದು ಅವರ ಮುಂದಿಟ್ಟಳು. ಅಯ್ಯನವರು ಕಣ್ಣು ಮುಚ್ಚಿ ಉಂಡರು. ಗಿರಾಕಿಗಳದ್ದೆಲ್ಲ ಮುಗಿದ ಮೇಲೆ ತಣ್ಣಗಿನ ರೊಟ್ಟಿ ತಿಂದು ರೂಢಿಯಾದ ಬಾಯಿ ಅದು.

ಉಂಡು ಕೈ ತೊಳೆದು, ದನಿ ತಗ್ಗಿಸಿ ಕೇಳಿದರು: “ಎಷ್ಟ ಮಂದಿ ಕಡೆ ರೊಕ್ಕ ಇಸಗೊಂಡಿ?”

“ಗುಡ್ಯಾಗ ಹೆಂಗ ಕೇಳ್ಲಿರಿ, ಅಯ್ಯಾರ?”

“ಹೆಂಗ ಕೇಳ್ಲಿ ಅಂದ್ರ? ಹುಚ್ಚಿ! ನಾ ಇಷ್ಟ ವರ್ಷ ಗಲ್ಲಾದ ಹಿಂದ ಕುಂತು ಮಾಡಿದ್ದು ಅದೊಂದನ್ನ. ರೊಟ್ಟಿ ನೀ ಬಡೀತಿದ್ದಿ, ರೊಕ್ಕ ನಾ ಕೇಳ್ತಿದ್ದೆ. ಇನ್ನ ಎರಡೂ ನೀನ ಮಾಡಬೇಕು. ಕೇಳು, ಮೊದ್ಲ ನನ್ನ ಕೇಳು. ಬೋಣಿಗಿ ನಂದಾಗ್ಲಿ.”

ಹೊಸ ಪೈಸೆ ಬಂದು ವರ್ಷಗಳಾಗಿದ್ದರೂ ಜನ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದ ಕಾಲ. ಶಿವಬಸವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿದಳು. ಬೇವಿನ ನೆರಳಲ್ಲಿ ಕಾಲು ಚಾಚಿದವರೆಲ್ಲ ಇತ್ತ ಕಡೆಯೇ ನೋಡುತ್ತಿದ್ದರು.

“ಹತ್ತಾಣೆ ಆತ್ರಿ” ಎಂದಳು, ಎಲ್ಲರಿಗೂ ಕೇಳುವ ಹಾಗೆ.

“ಹತ್ತಾಣೆ!” ಮಹಾಂತಯ್ಯನವರು ಹೌಹಾರಿದರು. “ಹಿಟ್ಟು ನಂದು, ಹಿಂಡಿ ನಂದು, ಮ್ಯಾಲ ಹತ್ತಾಣೆ? ನಮ್ಮ ಖಾನಾವಳ್ಯಾಗ ಎಂಟಾಣೆಕ್ಕ ಊಟ ಸಿಗತೈತಿ, ಗೊತ್ತೈತಿಲ್ಲೋ?”

“ಗೊತ್ತೈತ್ರಿ” ಎಂದಳು ಶಿವಬಸವ್ವ. “ಆದ್ರ ನಿಮ್ಮಲ್ಲಿ ರೊಟ್ಟಿ ಬಡಿಯಾಕಿ ಬಿಟ್ಟು ಹ್ವಾದಳಂತಲ್ರಿ, ಅಯ್ಯಾರ.”

ಮಹಾಂತಯ್ಯನವರು ಆಕೆಯ ಮುಖ ನೋಡಿದರು. ಆಮೇಲೆ ಅಂಗಿಯ ಕಿಸೆಗೆ ಕೈ ಹಾಕಿದರು.